ತೆರೆಗೆ ಬಾರದ ನಲವತ್ತು ದಿನಗಳು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬಹುಕಾಲದ ಶ್ರಮದಿಂದ ಆದ ವಸ್ತುವನ್ನು ಕೆಡಿಸಲು ಒಂದು ಪೆಟ್ಟು ಸಾಕು ಎಂಬುದು ಅದರ ತಾತ್ಪರ್ಯ. ದೂರದರ್ಶನವು ಈ ಗಾದೆಯನ್ನು ತಲೆಕೆಳಗು ಮಾಡಿಬಿಟ್ಟಿದೆ. ಅದರ ತೆರೆಯ ಮೇಲೆ ಕುಂಬಾರನಿಗೂ ನಿಮಿಷವೇ ಸಾಕು. ಮನೆಯಾಗಲಿ, ಉದ್ಯಾನವಾಗಲಿ, ಹಬ್ಬದ ಅಡುಗೆಯಾಗಲಿ ಅಲ್ಲಿ ಒಂದು ಗಂಟೆಯೊಳಗೆ ಸಿದ್ಧವಾಗಿ ನಿಲ್ಲುತ್ತದೆ. ಇದರಿಂದ ಹೆಚ್ಚಿನ ಹಾನಿಯೇನೂ ಇಲ್ಲವೆನ್ನಬಹುದು. ಆದರೆ ಹಾಗೆ ಸಿದ್ಧವಾದ ವಸ್ತುವಿನೊಳಗೆ ಜೀವಿಗಳನ್ನು ಬಿಡುವ ಪ್ರಸಂಗ ಬಂದಾಗ ಮಾತು ಬೇರೆಯಾಗುತ್ತದೆ.

ಅಮೆರಿಕದ ಅನಿಮಲ್ ಪ್ಲಾನೆಟ್ ವಾಹಿನಿಯಲ್ಲಿ 2011ರಿಂದ 2018ರವರೆಗೆ 'ಟ್ಯಾಂಕ್ಡ್' ಎಂಬ ರಿಯಾಲಿಟಿ ಷೋ ನಡೆಯಿತು. ಲಾಸ್ ವೇಗಾಸ್ ನಗರದ ಒಂದು ಕಾರ್ಖಾನೆಯವರು ಗಿರಾಕಿಗಳು ಬಯಸಿದ ಆಕಾರದಲ್ಲಿ ಮತ್ಸ್ಯಾಲಯಗಳನ್ನು ಕಟ್ಟಿಕೊಡುವುದೇ ಅದರ ವಸ್ತು. ಅದೇ ಬಗೆಯ ಇನ್ನೊಂದು ಮಾಲೆ, 'ಫಿಶ್ ಟ್ಯಾಂಕ್ ಕಿಂಗ್ಸ್', 2012ರಲ್ಲಿ ಆರಂಭವಾಯಿತು. ಅದರ ಕಥೆ ಫ್ಲಾರಿಡದ್ದು. ಇವುಗಳ ಕಂತುಗಳಿಗೆಲ್ಲ ಹೆಚ್ಚುಕಡಮೆ ಒಂದೇ ಅಚ್ಚು. ಗಿರಾಕಿಯು ಬಂದು ತನ್ನ ಬಯಕೆಯನ್ನು ಹೇಳುತ್ತಾನೆ, ನಕ್ಷೆ ಸಿದ್ಧವಾಗುತ್ತದೆ, ಅಕ್ರಿಲಿಕ್ ಹಲಗೆಗಳನ್ನು ಕೊಯ್ದು ಬೆಸೆಯುತ್ತಾರೆ, ಗಡುವು ಸಮೀಪಿಸಿದಾಗ ಏನೋ ಒಂದು ತೊಡಕು ಬರುತ್ತದೆ, ಕೊನೆಗೆ ತೊಟ್ಟಿಯನ್ನು ಮನೆಯಲ್ಲಿ ನಿಲ್ಲಿಸಿ, ನೀರು ತುಂಬಿ, ಬಣ್ಣಬಣ್ಣದ ಮೀನುಗಳನ್ನು ಬಿಡುತ್ತಾರೆ. ಗಿರಾಕಿಯು ಬೆರಗಾಗಿ ಬಾಯ್ದೆರೆಯುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು. ಮಾಲೆ ನಿಂತು ವರ್ಷಗಳಾದರೂ ಅದರ ತುಣುಕುಗಳು ಈಗಲೂ ಎಲ್ಲರ ಕೈಯ ಫೋನಿನಲ್ಲಿ ಓಡಾಡುತ್ತಿವೆ.

ತುಂಗಭದ್ರೆಯ ದಡದಲ್ಲಿ, ಹೂವಿನ ಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಕುಳಿತವನಿಗೆ ಲಾಸ್ ವೇಗಾಸಿನ ತೊಟ್ಟಿಯ ಚಿಂತೆ ಏಕೆ ಎಂದು ವಾಚಕರು ಕೇಳಬಹುದು. ಮನೆಯ ಹಿಂದೆಯೇ ಹೊಳೆಯಿದೆ. ಹೊಳೆಯಲ್ಲಿ ಗೆಂಡೆ, ಕೊರವ, ಬಾಳೆ ಮೀನುಗಳಿವೆ. ಗಾಜಿನ ತೊಟ್ಟಿಯ ಗೊಡವೆ ನಮಗೇಕೆ? ನಿಜ. ಆದರೆ ಫೋನಿನ ತೆರೆಗೆ ಊರು ಕೇರಿಗಳ ಭೇದವಿಲ್ಲ. ಆ ತುಣುಕುಗಳನ್ನು ನೋಡಿ ಮರುದಿನವೇ ತೊಟ್ಟಿ ಕಟ್ಟಲು ಹೊರಟವರಲ್ಲಿ ನಾನೂ ಒಬ್ಬ.

ಹೊಸಪೇಟೆಯಲ್ಲಿ ಗಾಜು ಕೊಯ್ಯಿಸಿ ತಂದು, ಒಂದು ಭಾನುವಾರ ಸಿಲಿಕೋನ್ ಅಂಟಿನಿಂದ ಬೆಸೆದು, ಬುಧವಾರ ಕೊಳವೆ ಬಾವಿಯ ನೀರು ತುಂಬಿದೆ. ಅಂದೇ ಸಂಜೆ ಹನ್ನೆರಡು ಹೊಂಬಣ್ಣದ ಮೀನುಗಳನ್ನು ಕೊಂಡು ತಂದು ಬಿಟ್ಟೆ. ತೆರೆಯ ಮೇಲೆ ಕಂಡಂತೆಯೇ ಎಲ್ಲವೂ ನಡೆಯಿತು, ಮನೆಯವರೂ ಬೆರಗಾದರು. ಆರನೆಯ ದಿನ ಮೂರು ಮೀನುಗಳು ಸತ್ತು ತೇಲಿದವು. ಎಂಟನೆಯ ದಿನ ಐದು. ಹತ್ತನೆಯ ದಿನಕ್ಕೆ ತೊಟ್ಟಿಯಲ್ಲಿ ಒಂದೂ ಉಳಿಯಲಿಲ್ಲ. ನೀರು ಮಾತ್ರ ಕೊನೆಯವರೆಗೂ ಕನ್ನಡಿಯಂತೆ ತಿಳಿಯಾಗಿತ್ತು. ರೋಗದ ಮೀನು ಕೊಟ್ಟನೆಂದು ಮಾರಿದವನನ್ನು ಮನಸ್ಸಿನಲ್ಲೇ ಬೈದುಕೊಂಡೆ. ಅವನ ತಪ್ಪೇನೂ ಇರಲಿಲ್ಲವೆಂಬುದು ಮುಂದೆ ಈ ಹವ್ಯಾಸದಲ್ಲಿ ಪಳಗಿದವರ ಮಾತು ಕೇಳಿದ ಮೇಲೆ ತಿಳಿಯಿತು.

ಆ ಪಳಗಿದವರೇ ಇಂಥ ಕಾರ್ಯಕ್ರಮಗಳ ಮೇಲೆ ಮುನಿದವರು. ಅವರ ಆಕ್ಷೇಪಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು, ಹೊಸ ನೀರಿಗೆ ಒಡನೆಯೇ ಮೀನು ಬಿಡುವುದು. ಎರಡನೆಯದು, ನೋಟದ ಸೊಗಸಿಗಾಗಿ ತೊಟ್ಟಿಯ ಆಕಾರವನ್ನು ವಿಚಿತ್ರಗೊಳಿಸಿ, ಅದರಲ್ಲಿ ಹಿಡಿಸಲಾರದಷ್ಟು ಮೀನುಗಳನ್ನು ತುಂಬುವುದು. ಮೂರನೆಯದು, ಗಿರಾಕಿ ಬೆರಗಾದ ಕ್ಷಣಕ್ಕೆ ಕಥೆ ಮುಗಿಸಿ, ಆಮೇಲೆ ಆರು ತಿಂಗಳಲ್ಲಿ ಆ ಮೀನುಗಳು ಏನಾದುವೆಂಬುದನ್ನು ತೋರಿಸದಿರುವುದು. ಇವುಗಳಲ್ಲಿ ಮೊದಲನೆಯದೇ ಮುಖ್ಯ. ಅದರ ಹಿಂದಿರುವ ವಿಜ್ಞಾನವನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೀನು ತಾನು ತಿಂದ ಆಹಾರದ ಪ್ರೋಟೀನನ್ನು ಬಳಸಿಕೊಂಡ ಮೇಲೆ ಉಳಿಯುವ ಸಾರಜನಕವನ್ನು ಬಹುಮಟ್ಟಿಗೆ ಅಮೋನಿಯದ ರೂಪದಲ್ಲಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ಹೊಳೆಯಲ್ಲಿ ಇದು ಹರಿದು, ಬೆರೆತು, ಕ್ಷಣದಲ್ಲಿ ತೆಳುವಾಗುತ್ತದೆ. ತೊಟ್ಟಿಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ದಿನದಿಂದ ದಿನಕ್ಕೆ ಸಂಗ್ರಹವಾಗುತ್ತದೆ. ಅದಕ್ಕೆ ಬಣ್ಣವಿಲ್ಲ. ಮೀನನ್ನು ಕೊಲ್ಲುವಷ್ಟು ಕೂಡಿದಾಗಲೂ ನೀರು ತಿಳಿಯಾಗಿಯೇ ಕಾಣುತ್ತದೆ. ನನ್ನ ತೊಟ್ಟಿಯ ಕನ್ನಡಿಯಂಥ ನೀರಿನ ಗುಟ್ಟು ಇದೇ.

ಈ ವಿಷವನ್ನು ಕಳೆಯುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿ, ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಸಸ್ಯಗಳು ಅದನ್ನು ಹೀರಿಕೊಳ್ಳುತ್ತವೆ, ಉಳಿದುದನ್ನು ಆಗಾಗ ನೀರು ಬದಲಾಯಿಸಿ ಕಳೆಯಬಹುದು. ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿಯವರು ಈ ಕೆಲಸವು ಬ್ಯಾಕ್ಟೀರಿಯಗಳದೆಂದೂ ಅದು ಎರಡು ಹಂತಗಳಲ್ಲಿ ನಡೆಯುವುದೆಂದೂ 1890ರ ಸುಮಾರಿನಲ್ಲಿ ತೋರಿಸಿದರು. ಎರಡೂ ಹಂತಗಳನ್ನು ಒಂದೇ ಬ್ಯಾಕ್ಟೀರಿಯವು ಪೂರೈಸಬಲ್ಲದೆಂದು ಗೊತ್ತಾದದ್ದು ತೀರ ಈಚೆಗೆ, 2015ರಲ್ಲಿ. ಆ ಶೋಧಕ್ಕೆ ಕಾರಣವಾದ ಮಾದರಿಗಳಲ್ಲಿ ಒಂದು ಮೀನು ಸಾಕುವ ವ್ಯವಸ್ಥೆಯ ಶೋಧಕದಿಂದಲೇ ಬಂದದ್ದೆಂಬುದು ಹವ್ಯಾಸಿಗಳಿಗೆ ಅಭಿಮಾನದ ಸಂಗತಿ.

ಈ ಬ್ಯಾಕ್ಟೀರಿಯಗಳು ತೊಟ್ಟಿಯ ಮರಳಿನ ಮೇಲೂ ಶೋಧಕದ ಸ್ಪಂಜಿನ ಮೇಲೂ ನೆಲೆಸಿ, ಸಾಲುವಷ್ಟು ಸಂಖ್ಯೆಗೆ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು ನಲವತ್ತು ದಿನಗಳೆನ್ನೋಣ. ಬಯಲುಸೀಮೆಯಲ್ಲಿ ಇನ್ನೊಂದು ತೊಡಕುಂಟು. ನೀರಿನ ಪಿಎಚ್ 7 ಇದ್ದು ಉಷ್ಣತೆ 25 ಡಿಗ್ರಿ ಇರುವಾಗ, ಒಟ್ಟು ಅಮೋನಿಯದಲ್ಲಿ ಹೆಚ್ಚು ವಿಷಕಾರಿಯಾದ ರೂಪವು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಅದು ನೂರಕ್ಕೆ ಐದು ಪಾಲಾಗುತ್ತದೆ. ಉಷ್ಣತೆ ಏರಿದಂತೆ ಇನ್ನೂ ಹೆಚ್ಚುತ್ತದೆ. ಅದೇ ವೇಳೆಗೆ ನೀರಿನಲ್ಲಿ ಕರಗುವ ಆಮ್ಲಜನಕವು ಕಡಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಹೀಗಾಗಿ ಕ್ಷಾರಗುಣದ ಗಡಸು ನೀರೂ ಬೇಸಗೆಯ ಬಿಸಿಲೂ ಕೂಡಿದೆಡೆಯಲ್ಲಿ, ತಂಪು ದೇಶದವನು ಮಾಡಿ ದಕ್ಕಿಸಿಕೊಳ್ಳಬಹುದಾದ ತಪ್ಪೂ ಮಾರಕವಾಗುತ್ತದೆ.

ಎರಡನೆಯ ಆಕ್ಷೇಪಕ್ಕೂ ಇದರೊಡನೆ ಸಂಬಂಧವಿದೆ. ಆಮ್ಲಜನಕವು ನೀರಿಗೆ ಸೇರುವುದು ಮುಖ್ಯವಾಗಿ ಮೇಲ್ಮೈಯಿಂದ. ನೋಟಕ್ಕೆ ಸೊಗಸೆಂದು ಕಂಬದಂತೆ ಎತ್ತರವಾಗಿ, ಇಕ್ಕಟ್ಟಾಗಿ ಕಟ್ಟಿದ ತೊಟ್ಟಿಯಲ್ಲಿ ನೀರು ಬಹಳ, ಮೇಲ್ಮೈ ಸ್ವಲ್ಪ. ಮೀನುಗಳಲ್ಲಿ ಬಹುಪಾಲು ಅಡ್ಡಡ್ಡ ಈಜುವವು. ಅವುಗಳಿಗೆ ಬೇಕಾದುದು ಉದ್ದ, ಎತ್ತರವಲ್ಲ. ಪಡಸಾಲೆಗೆ ಒಪ್ಪುವ ಆಕಾರವೇ ಬೇರೆ, ಮೀನಿಗೆ ಒಪ್ಪುವ ಆಕಾರವೇ ಬೇರೆ.

ಇನ್ನು ಪ್ರತಿಪಕ್ಷದ ಮಾತನ್ನೂ ಕೇಳಬೇಕು. ಹವ್ಯಾಸಿಗಳೆಲ್ಲರೂ ಈ ಕಾರ್ಯಕ್ರಮಗಳ ವಿರೋಧಿಗಳೇನಲ್ಲ. ಹಳೆಯ ತೊಟ್ಟಿಯಲ್ಲಿ ಪಕ್ವವಾದ ಶೋಧಕವನ್ನೋ ಮರಳನ್ನೋ ಹೊಸ ತೊಟ್ಟಿಗೆ ತಂದಿಟ್ಟರೆ, ಬ್ಯಾಕ್ಟೀರಿಯಗಳೂ ಅದರೊಡನೆ ಬರುವುದರಿಂದ ಕಾಯುವ ಅವಧಿ ಬಹಳ ಕಡಮೆಯಾಗುತ್ತದೆ ಎಂದು ಅವರು ಹೇಳುತ್ತಾರೆ. ಇದು ಸರಿಯಾದ ಮಾತು. ಹಾಲಿಗೆ ಹೆಪ್ಪು ಹಾಕಿದಂತೆ. ವೃತ್ತಿಪರರು ಕ್ಯಾಮರಾದ ಹಿಂದೆ ಹಾಗೆ ಮಾಡಿದ್ದರೂ ಮಾಡಿರಬಹುದು. ಆದರೆ ಹೆಪ್ಪು ಹಾಕಿದುದನ್ನು ತೋರಿಸದೆ ಗಟ್ಟಿ ಮೊಸರನ್ನು ಮಾತ್ರ ತೋರಿಸಿದರೆ, ನೋಡುವ ಹುಡುಗನು ಹಾಲು ತಾನಾಗಿ ಮೊಸರಾಯಿತೆಂದೇ ತಿಳಿಯುತ್ತಾನೆ.

ಸಮರ್ಥಕರ ಎರಡನೆಯ ಮಾತು, ಈ ಕಾರ್ಯಕ್ರಮಗಳಿಂದ ಕಟ್ಟುವ ವಿದ್ಯೆಯನ್ನು ಕಲಿಯಬಹುದೆಂಬುದು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ತೊಟ್ಟಿ ಕಟ್ಟುವುದು ಭೌತಶಾಸ್ತ್ರದ ಒಳ್ಳೆಯ ಪಾಠ. 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ತೊಟ್ಟಿಯಲ್ಲಿ 182 ಲೀಟರು ನೀರು ಹಿಡಿಯುತ್ತದೆ. ಅದರ ತೂಕ 182 ಕಿಲೋಗ್ರಾಂ. ಮುಂದಿನ ಗಾಜನ್ನು ಆ ನೀರು ಹೊರಕ್ಕೆ ತಳ್ಳುವ ಬಲ ಸುಮಾರು 91 ಕಿಲೋಗ್ರಾಂ ಭಾರಕ್ಕೆ ಸಮ. ಅಗಲವನ್ನು ಎಷ್ಟು ಹೆಚ್ಚಿಸಿದರೂ ಈ ಬಲವು ಬದಲಾಗದು; ಎತ್ತರವನ್ನು ಇಮ್ಮಡಿಗೊಳಿಸಿದರೆ ಮಾತ್ರ ನಾಲ್ಮಡಿಯಾಗಿ 364 ಕಿಲೋಗ್ರಾಮಿಗೆ ಏರುತ್ತದೆ. ಕಾರಣ, ನೀರಿನ ಒತ್ತಡವು ಆಳವನ್ನು ಅವಲಂಬಿಸಿದೆಯೇ ಹೊರತು ಒಟ್ಟು ಪ್ರಮಾಣವನ್ನಲ್ಲ. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯು ಈ ಲೆಕ್ಕವನ್ನು ಸುಲಭವಾಗಿ ಮಾಡಿ ನೋಡಬಹುದು.

ಈ ಬಲವನ್ನು ಲಘುವಾಗಿ ಕಾಣುವಂತಿಲ್ಲ. ಬರ್ಲಿನ್ ನಗರದ ಒಂದು ಹೋಟೆಲಿನಲ್ಲಿ 'ಆಕ್ವಾಡೋಮ್' ಎಂಬ ಅಕ್ರಿಲಿಕ್ ಉರುಳೆಯಾಕಾರದ ಮಹಾಮತ್ಸ್ಯಾಲಯವಿತ್ತು. 2022ರ ಡಿಸೆಂಬರ್ 16ರಂದು ಬೆಳಗಿನ ಜಾವ ಅದು ಒಡೆದು, ಸುಮಾರು ಹತ್ತು ಲಕ್ಷ ಲೀಟರು ನೀರು ಹೊರಕ್ಕೆ ನುಗ್ಗಿತು. ಅದರಲ್ಲಿದ್ದ ಸುಮಾರು 1500 ಮೀನುಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಸತ್ತವು. ಹಗಲಾಗಿದ್ದರೆ ಮನುಷ್ಯರ ಪಾಡು ಏನಾಗುತ್ತಿತ್ತೋ! ನುರಿತವರು ಕಟ್ಟಿದ ತೊಟ್ಟಿಗೇ ಹೀಗಾಗಬಹುದಾದರೆ, ಅಂಟು ಒಣಗುವ ಮುನ್ನ ನೀರು ತುಂಬುವ ಹೊಸಬರು ಎಷ್ಟು ಎಚ್ಚರದಿಂದಿರಬೇಕು! ಸಿಲಿಕೋನ್ ಅಂಟು ಗಾಳಿಯ ತೇವವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವಂಥದು. ಅದರಿಂದ ಬರುವ ವಿನಿಗರ್ ವಾಸನೆ ಪೂರ್ತಿ ಅಡಗುವವರೆಗಾದರೂ ಕಾಯಬೇಕು. ಇಲ್ಲಿಯೂ ಕಾಲವೇ ಮುಖ್ಯ ಸಾಮಗ್ರಿ.

ಮೂರನೆಯ ವಾದವೊಂದುಂಟು. ಇಂಥ ಕಾರ್ಯಕ್ರಮಗಳಿಂದ ಮೀನುಗಳ ಬೇಟೆ ಹೆಚ್ಚಿ, ಸಮುದ್ರವೇ ಬರಿದಾಗುತ್ತದೆ ಎಂದು ವಿರೋಧಿಗಳು ಹೆದರುತ್ತಾರೆ. ಈ ಹೆದರಿಕೆಗೆ ಇತಿಹಾಸದಲ್ಲಿ ಆಧಾರವಿದೆ. 1850ರ ದಶಕದ ಇಂಗ್ಲೆಂಡಿನಲ್ಲಿ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕಗಳಿಂದ ಮತ್ಸ್ಯಾಲಯದ ಹುಚ್ಚು ಹಬ್ಬಿದಾಗ, ಜನರು ಕಡಲತೀರದ ಜೀವಿಗಳನ್ನು ಬಾಚಿಕೊಂಡು ಹೋದರೆಂದು ಅವರ ಮಗ ಎಡ್ಮಂಡ್ ಗಾಸ್ 1907ರ ತಮ್ಮ ಕೃತಿಯಲ್ಲಿ ಮರುಗಿದ್ದಾರೆ. ಆದರೆ ನಮ್ಮ ಕಾಲದ ಸಾಕ್ಷ್ಯವು ಅಷ್ಟು ಸರಳವಾಗಿಲ್ಲ. 2003ರ 'ಫೈಂಡಿಂಗ್ ನೀಮೊ' ಚಲನಚಿತ್ರದಿಂದ ಕೋಡಂಗಿ ಮೀನಿನ ಬೇಡಿಕೆ ಏರಿತೆಂಬ ನಂಬಿಕೆಯನ್ನು 2017ರಲ್ಲಿ ಸಂಶೋಧಕರು ಪರೀಕ್ಷಿಸಿದಾಗ, ಅದಕ್ಕೆ ಬಲವಾದ ಆಧಾರ ಸಿಕ್ಕಲಿಲ್ಲ. 2016ರ 'ಫೈಂಡಿಂಗ್ ಡೋರಿ' ಚಿತ್ರವನ್ನು ಕುರಿತ 2020ರ ಅಧ್ಯಯನವೂ ಹಾಗೆಯೇ ಹೇಳಿತು: ಜನರು ಆ ಮೀನಿನ ವಿಚಾರವನ್ನು ಹೆಚ್ಚಾಗಿ ಹುಡುಕಿದರು, ಆದರೆ ಅದರ ಆಮದು ಹೆಚ್ಚಿದುದು ಕಾಣಲಿಲ್ಲ. ಆದ್ದರಿಂದ ಕಾರ್ಯಕ್ರಮವನ್ನು ನೋಡಿದವರೆಲ್ಲ ಮೀನು ಕೊಳ್ಳಲು ಓಡುತ್ತಾರೆಂದು ಹೇಳುವುದು ಅನ್ಯಾಯವಾದೀತು. ಬದಲಿಗೆ, ನೋಡಿದವರಲ್ಲಿ ತಿಳಿಯುವ ಕುತೂಹಲ ಹುಟ್ಟುತ್ತದೆ ಎಂಬುದನ್ನು ಗಮನಿಸಬೇಕು. ಹಾಗೆ ಹುಟ್ಟಿದ ಕುತೂಹಲಕ್ಕೆ ಸರಿಯಾದ ಆಹಾರ ದೊರೆಯುತ್ತದೆಯೆ? ನನ್ನ ಪ್ರಶ್ನೆ ಇಷ್ಟೆ.

ಆ ತುಣುಕುಗಳಲ್ಲಿ ನಾನು ಕಂಡ ದೋಷ ಸುಳ್ಳು ಹೇಳುವುದಲ್ಲ, ಕತ್ತರಿಸುವುದು. ಗಾಜು ಕೊಯ್ಯುವುದನ್ನು ತೋರಿಸುತ್ತಾರೆ, ಜಗಳವನ್ನು ತೋರಿಸುತ್ತಾರೆ, ಗಿರಾಕಿಯ ಬೆರಗನ್ನು ತೋರಿಸುತ್ತಾರೆ. ನೀರು ಜೀವಯೋಗ್ಯವಾಗುವ ನಲವತ್ತು ದಿನಗಳನ್ನು ಕತ್ತರಿಸುತ್ತಾರೆ. ಆ ನಲವತ್ತು ದಿನಗಳಲ್ಲಿ ನೋಡುವುದಕ್ಕೆ ಏನೂ ಇಲ್ಲವೆಂಬುದು ಅವರ ಸಮಾಧಾನ. ಆದರೆ ಈ ವಿದ್ಯೆಯ ವಿಜ್ಞಾನವೆಲ್ಲ ಅಡಗಿರುವುದು ಆ ನೋಡಲು ಏನೂ ಇಲ್ಲದ ದಿನಗಳಲ್ಲಿಯೇ. ಅದನ್ನು ತೆಗೆದರೆ ಉಳಿಯುವುದು ಬಡಗಿಯ ಕೆಲಸ ಮಾತ್ರ. ಬಡಗಿಯ ಕೆಲಸ ಗೌರವದ್ದೇ. ಆದರೆ ಕುರ್ಚಿಯು ಉಸಿರಾಡುವುದಿಲ್ಲ, ಮೀನು ಉಸಿರಾಡುತ್ತದೆ.

ಮನರಂಜನೆಯೆಂದ ಮೇಲೆ ಇಷ್ಟೆಲ್ಲ ವಿವರವನ್ನು ಬಯಸುವುದು ಸರಿಯೆ ಎಂದು ಕೆಲವರು ಆಕ್ಷೇಪಿಸಬಹುದು. ಅವರಿಗೆ ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ಕೊಡುತ್ತೇನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. ಅರಸರ ವಿನೋದಗಳನ್ನು ವರ್ಣಿಸುವ ಅದರ ಭಾಗದಲ್ಲಿ 'ಮತ್ಸ್ಯವಿನೋದ'ವೆಂಬ ಪ್ರಕರಣವಿದೆ. ಹೆಸರೇ ಹೇಳುವಂತೆ ಅದು ವಿನೋದ; ಗಾಳ ಹಾಕಿ ಮೀನು ಹಿಡಿಯುವ ರಾಜಕ್ರೀಡೆ. ಆದರೂ ಅಲ್ಲಿ ಸುಮಾರು 35 ಬಗೆಯ ಮೀನುಗಳ ಹೆಸರುಗಳೂ, ಯಾವುದು ಹೊಳೆಯದು ಯಾವುದು ಕಡಲಿನದು ಎಂಬ ವಿಂಗಡಣೆಯೂ, ಯಾವ ಮೀನಿಗೆ ಯಾವ ಆಹಾರ ಪ್ರಿಯವೆಂಬ ವಿವರವೂ ಬಂದಿವೆ. ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಶಾಸ್ತ್ರೀಯವಾದ ಲೇಖನವನ್ನೇ ಬರೆದರು. ಸುಮಾರು ಒಂಬೈನೂರು ವರ್ಷಗಳ ಹಿಂದಿನ ಅರಸನ ವಿನೋದವು ವಿಜ್ಞಾನಿಯ ಕಣ್ಣಿಗೆ ಬೀಳುವಷ್ಟು ಸಮಾಚಾರವನ್ನು ಒಳಗೊಂಡಿರಬಹುದಾದರೆ, ಇಂದಿನ ವಿನೋದಕ್ಕೆ ಅದು ಭಾರವೇಕಾಗಬೇಕು? ತೆರೆಯ ಮೂಲೆಯಲ್ಲಿ ದಿನಗಳನ್ನೆಣಿಸುವ ಒಂದು ಪುಟ್ಟ ಪಂಚಾಂಗ, ಅಮೋನಿಯದ ಅಳತೆಯನ್ನು ತಿಳಿಸುವ ಒಂದು ಸಾಲು, ಆರು ತಿಂಗಳ ಬಳಿಕ ಅದೇ ಮನೆಗೆ ಮತ್ತೊಂದು ಭೇಟಿ, ಇಷ್ಟು ಸಾಕು. ಕಥೆಯ ಸ್ವಾರಸ್ಯ ಇದರಿಂದ ಕೆಡದು. ಮೀನು ಬದುಕೀತೆ ಎಂಬ ಕಾತರಕ್ಕಿಂತ ದೊಡ್ಡ ಸ್ವಾರಸ್ಯ ಬೇರೆ ಯಾವುದಿದೆ?

ತೆರೆಯವರು ಬದಲಾಗುವವರೆಗೆ ನಾವು ಸುಮ್ಮನಿರಬೇಕಾದ ಕಾರಣವಿಲ್ಲ. ವಿದ್ಯಾರ್ಥಿಮಿತ್ರರಿಗೆ ನನ್ನ ಸಲಹೆಯಿದು. ಶಾಲೆಯಲ್ಲಿಯೋ ಮನೆಯಲ್ಲಿಯೋ ಒಂದು ಸಣ್ಣ ತೊಟ್ಟಿಯನ್ನು ಇಡಿರಿ. ಮರಳು, ನೀರು, ಒಂದು ಸ್ಪಂಜಿನ ಶೋಧಕ ಇಷ್ಟಿರಲಿ, ಮೀನು ಬೇಡ. ನಗರದ ನಲ್ಲಿ ನೀರಾದರೆ ಮೊದಲು ಅದರ ಕ್ಲೋರಿನ್ ಕಳೆಯಿರಿ. ಅದು ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಉದುರಿಸಿ, ಅಂಗಡಿಯಲ್ಲಿ ದೊರೆಯುವ ಪರೀಕ್ಷಾ ದ್ರವಗಳಿಂದ ಎರಡು ದಿನಗಳಿಗೊಮ್ಮೆ ಅಮೋನಿಯ, ನೈಟ್ರೈಟ್, ನೈಟ್ರೇಟ್‌ಗಳನ್ನು ಅಳೆದು ನಕ್ಷೆ ಎಳೆಯಿರಿ. ಮೊದಲು ಅಮೋನಿಯದ ಗೆರೆ ಏರುತ್ತದೆ. ಅದು ಇಳಿಯತೊಡಗಿದಾಗ ನೈಟ್ರೈಟಿನ ಗೆರೆ ಏರುತ್ತದೆ. ಅದೂ ಇಳಿದಾಗ ನೈಟ್ರೇಟ್ ಉಳಿಯುತ್ತದೆ. ವಿನೊಗ್ರಾಡ್‌ಸ್ಕಿಯವರ ಶೋಧವು ನಿಮ್ಮ ನೋಟ್ ಪುಸ್ತಕದಲ್ಲಿ ಮತ್ತೊಮ್ಮೆ ಮೂಡುತ್ತದೆ. ಮೊದಲೆರಡು ಗೆರೆಗಳು ಸೊನ್ನೆಗಿಳಿದು ಅಲ್ಲಿಯೇ ನಿಂತ ಬಳಿಕ, ನೀರಿನ ಒಂದು ಪಾಲನ್ನು ಬದಲಾಯಿಸಿ ಎರಡೋ ಮೂರೋ ಸಣ್ಣ ಮೀನುಗಳನ್ನು ಬಿಡಿರಿ. ಹನ್ನೆರಡಲ್ಲ.

ಇನ್ನೊಂದು ಮಾತು. ಬೇಸರವಾಯಿತೆಂದು ಸಾಕಿದ ಮೀನುಗಳನ್ನು ಹೊಳೆಗೋ ಕೆರೆಗೋ ಬಿಡುವುದು ದಯೆಯಲ್ಲ. ಗಾಜಿಗಂಟಿದ ಪಾಚಿಯನ್ನು ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ಕವಚದ ಮೀನು ಹೀಗೆ ಹೊರಬಿದ್ದು, ದಕ್ಷಿಣ ಭಾರತದ ಅನೇಕ ಕಡೆಗಳಲ್ಲಿ ನೆಲೆಯೂರಿ, ನಾಡಮೀನುಗಳ ಪಾಲನ್ನು ಕಿತ್ತುಕೊಳ್ಳುತ್ತಿದೆ. ಶೃಂಗೇರಿಯಲ್ಲಿ ಭಕ್ತರು ಪುರಿ ಎಸೆದು ಮೀನುಗಳನ್ನು ತಣಿಸುವ ತುಂಗೆಯ ನೀರೇ, ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು, ಹರಿಹರವನ್ನು ದಾಟಿ ಮಾಗಳದ ದಡಕ್ಕೆ ಬರುತ್ತದೆ. ಒಂದೂರಿನಲ್ಲಿ ಕಾಪಾಡಿದ ಮೀನಿಗೆ ಇನ್ನೊಂದೂರಿನಲ್ಲಿ ಶತ್ರುವನ್ನು ಬಿಡುವುದು ನ್ಯಾಯವೆ?

ನನ್ನ ಎರಡನೆಯ ತೊಟ್ಟಿ ಕಟ್ಟಿ ಈಗ ಮೂರು ವರ್ಷಗಳಾದುವು. ಅದರಲ್ಲಿ ನೋಡುವವರನ್ನು ಬೆರಗುಗೊಳಿಸುವಂಥದೇನೂ ಇಲ್ಲ. ನಾಲ್ಕು ಮೂಲೆಯ ಸಾಧಾರಣ ಗಾಜು, ಸ್ವಲ್ಪ ಹಸುರು, ಐದು ಮೀನು. ಆದರೆ ಅದಕ್ಕೆ ನೀರು ತುಂಬಿದ ದಿನದಿಂದ ಮೊದಲ ಮೀನು ಬಿಟ್ಟ ದಿನದವರೆಗಿನ ನಲವತ್ತಮೂರು ಅಳತೆಗಳು ನನ್ನ ಪುಸ್ತಕದಲ್ಲಿವೆ. ಯಾವ ವಾಹಿನಿಯೂ ಅವುಗಳನ್ನು ತೋರಿಸಲಾರದು. ಆ ಐದು ಮೀನುಗಳು ಇಂದು ಬೆಳಗ್ಗೆಯೂ ಆಹಾರಕ್ಕಾಗಿ ಮೇಲಕ್ಕೆ ಬಂದುವು.